ಪುಸ್ತಕದ ಹಿಂಬದಿ

ಜೂನ್ ಒಂದರಿಂದ ಕಡಲಿಗೆ ಬೀಗ.
ಬೈತಖೋಲದಲ್ಲಿ ದೋಣಿಗಳು ಭುಜಕ್ಕೆ ಭುಜ ತಾಗಿಸಿ
ತಾಡಪಾಲು ಹೊದ್ದು ಮಲಗಿವೆ.
ಬರ್ಫಿನ ಕಾರ್ಖಾನೆಯ ನನ್ನ ಖಾತೆಯಲ್ಲಿ
ಅರವತ್ತೊಂದು ದಿನ ಬರೀ ಸೊನ್ನೆ.
ಕಂಪ್ರೆಸರ್ ಕೂಡ ಬಿಕ್ಕಳಿಸುವುದು ಬಿಟ್ಟಿದೆ.
ಪುಸ್ತಕ ತಿರುಗಿಸಿ, ಹಿಂಬದಿಯಿಂದ,
ಗೆರೆ ಎಳೆದು
ಮೂವರ ಹೆಸರು ಬರೆದೆ.

ಮೊದಲನೆಯವ ಚಂದ್ರಹಾಸ, ನಮ್ಮ ಆಪರೇಟರ್.
ಅವನ ಧರ್ಮ ಒಂದೇ: ಯಾವುದು ಓಡುತ್ತಿದೆಯೋ ಅದರ ಬಾಲ ಹಿಡಿ.
ಮೂರು ತಿಂಗಳಿಗೊಮ್ಮೆ ಮೊಬೈಲು ಒರೆಸಿ ನೋಡುತ್ತಾನೆ,
ಈಚೆಗೆ ಗೆದ್ದ ಷೇರುಗಳ ಗುಂಪು ಯಾವುದೆಂದು;
ಇದ್ದದ್ದನ್ನು ಮಾರಿ ಅತ್ತ ಜಿಗಿಯುತ್ತಾನೆ.
“ಹಕ್ಕಿ ಎಲ್ಲಿ ಮುಗಿಬಿದ್ದಿದೆಯೋ ಅಲ್ಲೇ ಬಂಗಡೆ.”
ಸುಳ್ಳಲ್ಲ. ಆದರೆ ಹಕ್ಕಿ ಕಂಡದ್ದು
ಅವನೊಬ್ಬನಿಗೇ ಅಲ್ಲ.

ರೇವಣಕರ ಮಾಮ ಚಿನ್ನದ ತಕ್ಕಡಿಯವರು.
ಅವರು ತಿರುಗುವುದು ಉಲ್ಟಾ.
ಏರುವ ಕಂಪನಿಗೂ ಬಿದ್ದುಕೊಂಡ ಕಂಪನಿಗೂ
ನಡುವಿನ ಬೆಲೆಯ ಕಂದರ ಅಳೆಯುತ್ತ ಕೂರುತ್ತಾರೆ;
ಅದು ಇಷ್ಟಗಲ ಬಾಯಿ ತೆರೆದಾಗ ಮಾತ್ರ
ಯಾರಿಗೂ ಬೇಡದ್ದನ್ನು ಮೂಟೆ ಕಟ್ಟುತ್ತಾರೆ.
ಆಮೇಲೆ ಕಾಯುತ್ತಾರೆ.
ಎರಡು ವರ್ಷ, ಮೂರು, ಒಮ್ಮೆ ನಾಲ್ಕೂ ಮುಕ್ಕಾಲು.
ಆ ನಾಲ್ಕೂ ಮುಕ್ಕಾಲರಲ್ಲಿ ಹೆಂಡತಿ
ದೀಪಾವಳಿಯ ಫರಾಳದ ತಟ್ಟೆ ಮುಂದಿಟ್ಟು ಕೇಳಿದ್ದರಂತೆ:
“ಅಗ್ಗವಾದದ್ದು ಇನ್ನೂ ಅಗ್ಗ ಆಗಬಾರದು ಅಂತ
ಯಾವ ಶಾಸ್ತ್ರದಲ್ಲಿದೆ?”

ಮೂರನೆಯವಳು ಮಂದಾಕಿನಿ ತಾಂಡೇಲ,
ಮೀನು ಮಾರುಕಟ್ಟೆಯ ಎರಡನೇ ಸಾಲು, ಮೂಲೆಯ ಕಲ್ಲು.
ಅರ್ಧ ಇದರಲ್ಲಿ, ಅರ್ಧ ಅದರಲ್ಲಿ;
ನಾರಳ ಹುಣ್ಣಿಮೆಗೆ ಕಡಲಿಗೆ ಕಾಯಿ ಬಿಟ್ಟು ಬಂದ ಮೇಲೆ
ಉಬ್ಬಿದ್ದನ್ನು ಕೊಯ್ದು ಬತ್ತಿದ್ದಕ್ಕೆ ಸುರಿದು ಸಮ ಮಾಡುವುದು.
ಮತ್ತೆ ಬರುವ ಹುಣ್ಣಿಮೆವರೆಗೆ ಅದರ ಸುದ್ದಿಯಿಲ್ಲ.
“ಇಸ್ವಾಣಕ್ಕೂ ತಾರ್ಲೆಗೂ ಒಂದೇ ಬುಟ್ಟಿ ಸಾಲದು ಬಾಯಿ,
ಒಂದೇ ತಲೆ ಸಾಕು.”

ಹನ್ನೆರಡು ವರ್ಷದ ಅಂಕಿ ಇಳಿಸಿದೆ.
ಕಿಟಕಿಯಾಚೆ ದೇವಗಡದ ದೀಪ ಮಬ್ಬಾಗಿತ್ತು;
ಕಾಳಿಯ ಕೆಂಪು ನೀರು ಕಡಲೊಳಗೆ ಬಹುದೂರ
ಬೆರೆಯದೆ ಹೋಗುತ್ತಿತ್ತು.
ಆಗಸ್ಟಿನಿಂದ ಎಣಿಸಿದರೆ ಚಂದ್ರಹಾಸ ಗೆದ್ದ.
ಏಪ್ರಿಲಿನಿಂದ ಎಣಿಸಿದರೆ ಮಾಮ.
ಒಂದು ವರ್ಷ ಹಿಂದೆ ಸರಿದೆ: ಮತ್ತೆ ಅದಲುಬದಲು.
ಮಂದಾಕಿನಿ ಎಲ್ಲೂ ಮೊದಲಲ್ಲ, ಎಲ್ಲೂ ಕೊನೆಯಲ್ಲ;
ಅವಳ ಸಾಲು ಓದುವುದಕ್ಕೇ ಬೇಸರ.

ಆಮೇಲೆ ನೆನಪಾಯಿತು ನನ್ನ ಸ್ವಂತ ಕಸುಬು.
ಇಲ್ಲಿಂದ ಧಕ್ಕೆಗೆ ನೂರಿಪ್ಪತ್ತು ಹೆಜ್ಜೆ.
ಐವತ್ತು ಕಿಲೋ ಎಂದು ಬರೆದು ಕಳಿಸಿದ ಗಡ್ಡೆ
ದೋಣಿ ಮುಟ್ಟುವಾಗ ನಲವತ್ತೇಳು.
ಯಾರೂ ಕದ್ದದ್ದಲ್ಲ. ಸಾಗಿಸಿದ್ದು, ಅಷ್ಟೇ.
ಪ್ರತಿ ಜಿಗಿತಕ್ಕೂ ದಲ್ಲಾಳಿ, ತೆರಿಗೆ,
ಕೊಳ್ಳುವ ಬೆಲೆಗೂ ಮಾರುವ ಬೆಲೆಗೂ ನಡುವಿನ ಬಿರುಕು,
ಎಲ್ಲ ಕೆಂಪು ಶಾಯಿಯಲ್ಲಿ ಕಳೆದೆ.
ಚಂದ್ರಹಾಸನದು ನಲವತ್ತೆಂಟು ಜಿಗಿತ!
ಗೋಣಿಯಡಿಯಿಂದ ಚರಂಡಿಗೆ ಹೋದದ್ದು ಎಷ್ಟೆಂದು
ಅವನಿಗೆ ಇನ್ನೂ ಹೇಳಿಲ್ಲ.

ನಾಲ್ಕನೆಯ ಗೆರೆ ಎಳೆಯಲೋ ಬೇಡವೋ ಎಂದು
ಎರಡು ದಿನ ಪೆನ್ನು ಕಚ್ಚಿದೆ.
ಅದು ನನ್ನದು.
ಮಾಮನ ಜೊತೆ ಮೂರು ವರ್ಷ ಕಾದು, ಕಾದು,
ಹೋದ ಫೆಬ್ರವರಿಯಲ್ಲಿ ಕಾಲು ಸೋತು
ಎಲ್ಲ ಮಾರಿ ಚಂದ್ರಹಾಸನ ಬೆನ್ನು ಹತ್ತಿದವಳು ನಾನು.
ಹನ್ನೊಂದನೇ ದಿನ ಮಾಮನ ಷೇರುಗಳು ಎದ್ದು ಕೂತವು.
ಮಾಮ ಏನೂ ಅನ್ನಲಿಲ್ಲ,
ತಕ್ಕಡಿಯ ಬಟ್ಟಲು ಊದಿ ಧೂಳು ತೆಗೆದರು.
ಅವರವರ ಉಪಾಯ ಅವರವರಿಗೆ ಉಂಡಷ್ಟು ಕೊಟ್ಟಿದೆ;
ಉಪಾಯದಿಂದ ಉಪಾಯಕ್ಕೆ ಹಾರುವವಳಿಗೆ
ಯಾವ ಮನೆಯಲ್ಲಿ ಅಂಕಿ ಹಾಕುವುದು?

ಆಗಸ್ಟ್ ಒಂದು, ಬೆಳಗಿನ ಮೂರೂವರೆ.
‘ಖಾಪ್ರಿ ಪ್ರಸಾದ’ ದೋಣಿಯವರು ಬಾಗಿಲು ಬಡಿದರು.
“ಎಷ್ಟು ಗಡ್ಡೆ ಬರೆಯಲಿ?”
“ಏನು ಸಿಗುತ್ತದೋ ನೋಡಿ ಹೇಳಬೇಕಿತ್ತು,” ಮುದುಕ ನಕ್ಕ,
“ಇರಲಿ, ನಲವತ್ತು.”
ಪುಸ್ತಕ ಮುಂಬದಿಗೆ ತಿರುಗಿಸಿ ನಲವತ್ತು ಬರೆದೆ.
ಹೊರಗೆ ಚಂದ್ರಹಾಸ
ಒಂದು ಕೈಯಲ್ಲಿ ಕೊಕ್ಕೆ, ಒಂದು ಕೈಯಲ್ಲಿ ಮೊಬೈಲು,
ಗಡ್ಡೆಯನ್ನು ಹಲಗೆಯ ಮೇಲೆ ಜಾರಿಸುತ್ತ ಕೂಗಿದ:
“ಬಾಯೀ, ಈ ಸಲ ಯಾವುದು ಓಡುತ್ತಿದೆ ಗೊತ್ತೇ?”

ಅವನ ಕಾಲ ಬುಡದಲ್ಲಿ
ನೀರು ಓಡುತ್ತಿತ್ತು.